ಮಣ್ಣು ಮತ್ತು ಕಲ್ಲಿನ ರಂಧ್ರಾವಕಾಶ: ಮಲೆನಾಡಿನ ರೈತರು ತಿಳಿಯಬೇಕಾದ ವಿಷಯ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಬೇಸಾಯಗಾರರಿಗೆ ಮಳೆಯ ವಿಷಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು ಕೂಡ ಮಳೆಗೆ ಹೆಸರಾದ ಊರೇ. ಪೂರ್ವಕ್ಕೆ, ಆನಂದಪುರದ ಕಡೆಗೆ ಬಂದಂತೆ ಮಳೆ ಬಹಳವಾಗಿ ಇಳಿಯುತ್ತದೆ. ಆದರೂ ಬಯಲುಸೀಮೆಗೆ ಹೋಲಿಸಿದರೆ ಅದು ಕಡಿಮೆಯೇನಲ್ಲ. ಇಷ್ಟಿದ್ದರೂ ಶಿವರಾತ್ರಿ ಕಳೆಯುವ ಹೊತ್ತಿಗೆ ಎಷ್ಟೋ ಮನೆಗಳ ಬಾವಿಯಲ್ಲಿ ಕೊಡ ಮುಳುಗುವುದಿಲ್ಲ. ಆಷಾಢದಲ್ಲಿ ಅಂಗಳಕ್ಕೆ ಕಾಲಿಡಲಾಗದಷ್ಟು ಸುರಿದ ನೀರು ಎಲ್ಲಿ ಹೋಯಿತು?

ಇನ್ನೊಂದು ಸಂಗತಿಯನ್ನೂ ರೈತ ಬಾಂಧವರು ಗಮನಿಸಿರಬಹುದು. ನೆರೆಹೊರೆಯ ಇಬ್ಬರು ಒಂದೇ ವರ್ಷ, ಒಂದೇ ಕಡೆಯಿಂದ ತಂದ ಅಡಿಕೆ ಸಸಿಗಳನ್ನು ನೆಡುತ್ತಾರೆ. ಹಕ್ಕಲಿನಲ್ಲಿ ನೆಟ್ಟವರ ಸಸಿಗಳು ಹುಲುಸಾಗಿ ಬೆಳೆಯುತ್ತವೆ. ತಲೆತಲಾಂತರದಿಂದ ಬತ್ತ ಬೆಳೆಯುತ್ತಿದ್ದ ಗದ್ದೆಯಲ್ಲಿ ನೆಟ್ಟವರ ಸಸಿಗಳು ಎರಡನೆಯ ಅಥವಾ ಮೂರನೆಯ ಮಳೆಗಾಲದಲ್ಲಿ ಹಳದಿಗೆ ತಿರುಗಿ ಸೊರಗತೊಡಗುತ್ತವೆ. ಗೊಬ್ಬರ ಸಾಲದೆಂದು ಮತ್ತಷ್ಟು ಗೊಬ್ಬರ ಹಾಕುತ್ತಾರೆ, ರೋಗವಿರಬಹುದೆಂದು ಔಷಧ ಸಿಂಪಡಿಸುತ್ತಾರೆ. ಹಣ ಖರ್ಚಾಗುತ್ತದೆಯೇ ಹೊರತು ಸಸಿ ಚೇತರಿಸಿಕೊಳ್ಳುವುದಿಲ್ಲ.

ಬಾವಿ ಬತ್ತುವುದು ನೀರು ಸಾಲದ್ದರಿಂದ, ಸಸಿ ಸೊರಗುವುದು ನೀರು ಹೆಚ್ಚಾದದ್ದರಿಂದ. ಮೇಲುನೋಟಕ್ಕೆ ಇವೆರಡೂ ಬೇರೆ ಬೇರೆ. ಆದರೆ ಎರಡರ ಮೂಲದಲ್ಲಿಯೂ ಇರುವ ವಿಷಯ ಒಂದೇ. ಅದು ಮಣ್ಣು ಮತ್ತು ಕಲ್ಲಿನ ಒಳಗಿರುವ ಖಾಲಿ ಜಾಗ. ಇದನ್ನೇ ಶಾಸ್ತ್ರದಲ್ಲಿ ರಂಧ್ರಾವಕಾಶ ಎನ್ನುತ್ತಾರೆ.

ರಂಧ್ರಾವಕಾಶ ಎಂದರೇನು?

ಒಂದು ಡಬ್ಬದ ತುಂಬ ಚಾಲಿ ಅಡಿಕೆ ತುಂಬಿರಿ. ಇನ್ನೊಂದು ಅಡಿಕೆಯೂ ಹಿಡಿಸದು ಎಂಬಷ್ಟು ತುಂಬಿದ ಮೇಲೆ ಅದರ ಮೇಲೆ ಕಾಳುಮೆಣಸನ್ನು ಸುರಿದು ಡಬ್ಬವನ್ನು ಅಲುಗಾಡಿಸಿರಿ. ಸಾಕಷ್ಟು ಮೆಣಸು ಒಳಗಿಳಿಯುತ್ತದೆ. ಮೆಣಸೂ ತುಂಬಿದ ಮೇಲೆ ಒಣಗಿದ ನುಣುಪು ಮರಳನ್ನು ಸುರಿದರೆ ಅದಕ್ಕೂ ಜಾಗ ಸಿಗುತ್ತದೆ. ತುಂಬಿದಂತೆ ಕಂಡ ಡಬ್ಬದಲ್ಲಿ ಅಡಿಕೆ ಅಡಿಕೆಗಳ ನಡುವೆ ಖಾಲಿ ಜಾಗವಿತ್ತು ಎಂಬುದು ಇದರಿಂದ ತಿಳಿಯುತ್ತದೆ. ಒಟ್ಟು ಗಾತ್ರದಲ್ಲಿ ಈ ಖಾಲಿ ಜಾಗದ ಪಾಲು ನೂರಕ್ಕೆ ಎಷ್ಟು ಎಂಬುದೇ ರಂಧ್ರಾವಕಾಶ.

ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು, ಒಂದೇ ಗಾತ್ರದ ಗುಂಡುಗಳಾದರೆ ಅವು ದೊಡ್ಡವೋ ಸಣ್ಣವೋ ಎಂಬುದರಿಂದ ಖಾಲಿ ಜಾಗದ ಮೊತ್ತ ಬದಲಾಗುವುದಿಲ್ಲ. ಒಂದರ ತಲೆಯ ಮೇಲೊಂದು ನೇರವಾಗಿ ಕೂರಿಸಿದರೆ ಶೇಕಡಾ ೪೮ರಷ್ಟು, ಒಂದರ ಸಂದಿನಲ್ಲಿ ಮತ್ತೊಂದು ಕೂರುವಂತೆ ಬಿಗಿಯಾಗಿ ಜೋಡಿಸಿದರೆ ಶೇಕಡಾ ೨೬ರಷ್ಟು ಜಾಗ ಖಾಲಿ ಉಳಿಯುತ್ತದೆ. ಅಂದರೆ ಜೋಡಣೆಯೇ ಮುಖ್ಯ. ಎರಡನೆಯದು, ದೊಡ್ಡ ಕಣಗಳ ಸಂದಿನಲ್ಲಿ ಸಣ್ಣ ಕಣಗಳು ಸೇರಿಕೊಂಡರೆ ಖಾಲಿ ಜಾಗ ಕಡಿಮೆಯಾಗುತ್ತದೆ. ಈ ಎರಡನೆಯ ಅಂಶವನ್ನು ನೆನಪಿನಲ್ಲಿಡಬೇಕು. ಮುಂದೆ ಇದು ಉಪಯೋಗಕ್ಕೆ ಬರುತ್ತದೆ.

ಮನೆಯೊಳಗಿನ ವಸ್ತುಗಳಲ್ಲಿಯೂ ರಂಧ್ರಾವಕಾಶದ ಗುಣವನ್ನು ಕಾಣಬಹುದು. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಿರುವುದು ಅದರ ಮೈಯಲ್ಲಿರುವ ಸಣ್ಣ ರಂಧ್ರಗಳಿಂದ ನೀರು ಹೊರಕ್ಕೆ ಜಿನುಗಿ ಆವಿಯಾಗುವುದರಿಂದ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಹೂಜಿಯಲ್ಲಿಡದೆ ಪಿಂಗಾಣಿ ಭರಣಿಯಲ್ಲಿಡುವುದು ಅದರ ಮೇಲಿನ ಹೊಳಪಿನ ಲೇಪ ರಂಧ್ರಗಳನ್ನು ಮುಚ್ಚಿರುವುದರಿಂದ. ಗೋಡೆ ಕಟ್ಟುವ ಸಾಮಗ್ರಿಗಳಿಗೂ ಈ ಲೆಕ್ಕವಿದೆ. ಜಂಬಿಟ್ಟಿಗೆ ಕಲ್ಲನ್ನು ನೀರಿನಲ್ಲಿ ನೆನೆಸಿದಾಗ ಅದು ತನ್ನ ತೂಕದ ಶೇಕಡಾ ೧೨ಕ್ಕಿಂತ ಹೆಚ್ಚು ನೀರನ್ನು ಹೀರಬಾರದೆಂದು ಭಾರತೀಯ ಮಾನಕವು ಹೇಳುತ್ತದೆ. ಸಾಮಾನ್ಯ ಸುಟ್ಟ ಇಟ್ಟಿಗೆಗೆ ಈ ಮಿತಿ ಶೇಕಡಾ ೨೦. ಅಂದರೆ ೨೫ ಕಿಲೋಗ್ರಾಂ ತೂಕದ ಒಂದು ಒಳ್ಳೆಯ ಜಂಬಿಟ್ಟಿಗೆ ಕಲ್ಲು ಸಹ ೩ ಲೀಟರಿನವರೆಗೆ ನೀರು ಕುಡಿಯಬಲ್ಲದು.

ಎಷ್ಟು ಎಂಬುದಕ್ಕಿಂತ ಎಂಥದು ಎಂಬುದು ಮುಖ್ಯ

ಮರಳು ಮಣ್ಣಿನಲ್ಲಿ ಖಾಲಿ ಜಾಗ ಹೆಚ್ಚು, ಜಿಗುಟು ಮಣ್ಣಿನಲ್ಲಿ ಕಡಿಮೆ ಎಂದು ಸಾಮಾನ್ಯವಾಗಿ ತಿಳಿಯುವುದುಂಟು. ನಿಜಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಮರಳು ಮಣ್ಣಿನಲ್ಲಿ ರಂಧ್ರಾವಕಾಶ ಸಾಮಾನ್ಯವಾಗಿ ಶೇಕಡಾ ೩೫ರಿಂದ ೪೫ರಷ್ಟಿದ್ದರೆ ಜಿಗುಟು ಮಣ್ಣಿನಲ್ಲಿ ಅದು ೫೦ನ್ನು ದಾಟಬಹುದು. ಹಾಗಿದ್ದರೂ ಮರಳಿನಲ್ಲಿ ನೀರು ಸರಾಗವಾಗಿ ಇಳಿಯುತ್ತದೆ, ಜಿಗುಟು ಮಣ್ಣಿನ ಮೇಲೆ ನಿಲ್ಲುತ್ತದೆ. ಇದಕ್ಕೆ ಕಾರಣ ರಂಧ್ರಗಳ ಗಾತ್ರ. ಒಂದು ರಂಧ್ರದ ಅಗಲ ಅರ್ಧಕ್ಕೆ ಇಳಿದರೆ ಅದರ ಮೂಲಕ ಹರಿಯುವ ನೀರು ಅರ್ಧವಾಗುವುದಿಲ್ಲ. ಹದಿನಾರರಲ್ಲಿ ಒಂದು ಪಾಲಾಗುತ್ತದೆ.

ಮಣ್ಣಿನ ರಂಧ್ರಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ತಲೆಗೂದಲಿನ ದಪ್ಪಕ್ಕಿಂತ ದೊಡ್ಡದಾದವು ಮೊದಲನೆಯ ಬಗೆ. ಎರೆಹುಳು ಕೊರೆದ ದಾರಿ, ಸತ್ತ ಬೇರು ಬಿಟ್ಟುಹೋದ ಕೊಳವೆ, ಹೆಂಟೆಗಳ ನಡುವಿನ ಸಂದು ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ನೀರು ನಿಲ್ಲದೆ ಇಳಿದುಹೋಗುತ್ತದೆ, ಅದರ ಹಿಂದೆಯೇ ಗಾಳಿ ಒಳಬರುತ್ತದೆ. ಎರಡನೆಯವು ಕೂದಲಿಗಿಂತ ಸಣ್ಣ ರಂಧ್ರಗಳು. ಇವು ನೀರನ್ನು ಹಿಡಿದಿಟ್ಟು ಬೇರು ಕೇಳಿದಾಗ ಕೊಡುತ್ತವೆ. ಮೂರನೆಯವು ಅತಿ ಸೂಕ್ಷ್ಮವಾದವು. ಇವು ಹಿಡಿದ ನೀರನ್ನು ಬೇರಿಗೂ ಬಿಟ್ಟುಕೊಡುವುದಿಲ್ಲ. ಮೊದಲನೆಯ ಬಗೆ ಬಸಿಗಾಲುವೆಯಂತೆ, ಎರಡನೆಯದು ಕಣಜದಂತೆ, ಮೂರನೆಯದು ಬೀಗ ಹಾಕಿದ ಪೆಟ್ಟಿಗೆಯಂತೆ ಎಂದು ತಿಳಿಯಬಹುದು. ಒಳ್ಳೆಯ ತೋಟದ ಮಣ್ಣಿನಲ್ಲಿ ಮೊದಲ ಎರಡೂ ಬಗೆಯವು ಸಾಕಷ್ಟು ಇರಬೇಕು.

ಎರಡನೆಯ ಬಗೆಯ ಬೆಲೆಯನ್ನು ಲೆಕ್ಕ ಹಾಕಿ ನೋಡೋಣ. ಒಂದು ಎಕರೆ ತೋಟದ ಮೇಲಿನ ಎರಡು ಅಡಿ, ಅಂದರೆ ೬೦ ಸೆಂ.ಮೀ. ಮಣ್ಣಿನ ಗಾತ್ರ ಸುಮಾರು ೨೪೦೦ ಘನ ಮೀಟರು. ರಂಧ್ರಾವಕಾಶ ಶೇಕಡಾ ೫೦ ಇದ್ದರೆ ಅದರಲ್ಲಿ ೧೨ ಲಕ್ಷ ಲೀಟರು ಹಿಡಿಯುವಷ್ಟು ಜಾಗವಿರುತ್ತದೆ. ಆದರೆ ಇದರಲ್ಲಿ ಒಂದು ಪಾಲು ಇಳಿದುಹೋಗುತ್ತದೆ, ಇನ್ನೊಂದು ಪಾಲು ಮಣ್ಣಿಗೇ ಅಂಟಿಕೊಂಡಿರುತ್ತದೆ. ಮರಕ್ಕೆ ದಕ್ಕುವುದು ಒಟ್ಟು ಮಣ್ಣಿನ ಗಾತ್ರದ ಶೇಕಡಾ ೧೫ ಎಂದಿಟ್ಟುಕೊಂಡರೆ ಅದು ೩ ಲಕ್ಷದ ೬೦ ಸಾವಿರ ಲೀಟರು, ಅಂದರೆ ೯೦ ಮಿ.ಮೀ. ಮಳೆಗೆ ಸಮ. ಒಣ ಹವೆಯಲ್ಲಿ ತೋಟದಿಂದ ದಿನಕ್ಕೆ ೪ ಮಿ.ಮೀ. ನೀರು ಖರ್ಚಾಗುತ್ತದೆಂದರೆ ಈ ದಾಸ್ತಾನು ೨೨ ದಿನಗಳಿಗೆ ಮುಗಿಯುತ್ತದೆ. ಮಣ್ಣನ್ನು ಹದಗೊಳಿಸಿ ಆ ೧೫ನ್ನು ೧೮ಕ್ಕೆ ಏರಿಸಿದರೆ ೨೭ ದಿನ ಬರುತ್ತದೆ. ಮಳೆಗಾಲ ಎಷ್ಟೇ ಸುರಿದಿರಲಿ, ಕಣಜ ಹಿಡಿಯುವಷ್ಟನ್ನೇ ಹಿಡಿಯುತ್ತದೆ. ಉಳಿದದ್ದು ಹಳ್ಳ ಸೇರುತ್ತದೆ ಅಥವಾ ಕೆಳಗಿನ ಕಲ್ಲಿನ ಪದರಗಳಿಗೆ ಇಳಿಯುತ್ತದೆ.

ಜಂಬಿಟ್ಟಿಗೆ, ಶೇಡಿ ಮತ್ತು ಗಟ್ಟಿ ಬಂಡೆ

ಹೀಗೆ ಕೆಳಗಿಳಿದ ನೀರಿನ ಗತಿ ಏನು ಎಂಬುದನ್ನು ನಮ್ಮ ಕಡೆ ಬಾವಿ ತೋಡುವವರು ಚೆನ್ನಾಗಿ ಬಲ್ಲರು. ಹಲವೆಡೆ ಮೇಲ್ಮಣ್ಣಿನ ಕೆಳಗೆ ಜಂಬಿಟ್ಟಿಗೆ, ಅದರ ಕೆಳಗೆ ಬಿಳುಪು, ಹಳದಿ ಅಥವಾ ನಸುಗೆಂಪು ಬಣ್ಣದ ಶೇಡಿ ಮಣ್ಣು, ಅದಕ್ಕೂ ಕೆಳಗೆ ಗಟ್ಟಿ ಬಂಡೆ ಸಿಗುತ್ತದೆ. ಈ ಮೂರರ ರಂಧ್ರಗಳೂ ಮೂರು ಬಗೆ.

ಲಕ್ಷಾಂತರ ವರ್ಷಗಳ ಮಳೆಯಲ್ಲಿ ಬಂಡೆಯೊಳಗಿನ ಕರಗುವ ಅಂಶಗಳು ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ಉಳಿದು ಗಟ್ಟಿಯಾಗಿ ಜಂಬಿಟ್ಟಿಗೆ ಉಂಟಾಗುತ್ತದೆ. ೧೮೦೧ರಲ್ಲಿ ಇಕ್ಕೇರಿ, ನಗರಗಳ ಮೂಲಕವೂ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕನನ್ ೧೮೦೭ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಮಲಬಾರಿನ ಇಂಥ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟನು. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲ ಪದಕ್ಕೆ ಇಟ್ಟಿಗೆ ಎಂದೇ ಅರ್ಥ. ನಮ್ಮ ಜನರು ಇಟ್ಟ ಹೆಸರಿನಲ್ಲಿಯೂ ಇಟ್ಟಿಗೆಯೇ ಇದೆ. ಈ ಕಲ್ಲಿನ ಮೈತುಂಬ ಬೆರಳು ತೂರುವಂಥ ತೂತುಗಳು, ಒಂದಕ್ಕೊಂದು ಸೇರಿದ ಕೊಳವೆಗಳು ಇರುತ್ತವೆ. ಆದುದರಿಂದ ಮಳೆನೀರು ಇದರಲ್ಲಿ ಬೇಗ ಇಳಿಯುತ್ತದೆ, ಹಾಗೆಯೇ ಬೇಗ ಬಸಿದುಹೋಗುತ್ತದೆ. ಜಂಬಿಟ್ಟಿಗೆಯಲ್ಲಿಯೇ ತಳ ಕಂಡ ಬಾವಿ ಮಳೆ ಹಿಡಿದ ಕೆಲವೇ ದಿನಗಳಲ್ಲಿ ತುಂಬಿ, ಮಳೆ ನಿಂತ ಮೇಲೆ ಸರಸರನೆ ಇಳಿಯುವುದು ಇದೇ ಕಾರಣದಿಂದ.

ಶೇಡಿ ಮಣ್ಣಿನ ಗುಣ ಇದಕ್ಕೆ ವಿರುದ್ಧ. ಅದರಲ್ಲಿ ಖಾಲಿ ಜಾಗ ಧಾರಾಳವಾಗಿದ್ದರೂ ರಂಧ್ರಗಳು ಅತಿ ಸಣ್ಣವು. ಅದು ನೀರನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ. ಮೇಲಿನಿಂದ ಓಡಿಬಂದ ನೀರು ಶೇಡಿಯ ಮೇಲೆ ತಡೆದು ನಿಂತು ಪಕ್ಕಕ್ಕೆ ಹರಿಯುತ್ತದೆ. ಗುಡ್ಡದ ಬುಡದಲ್ಲಿ, ತೋಟದ ತಲೆಭಾಗದಲ್ಲಿ ಒರತೆ ಕಾಣಿಸಿಕೊಳ್ಳುವುದು ಹಲವು ಸಲ ಜಂಬಿಟ್ಟಿಗೆ ಮುಗಿದು ಶೇಡಿ ಆರಂಭವಾಗುವ ಮಟ್ಟದಲ್ಲಿ. ಇನ್ನು ತಳದ ಗಟ್ಟಿ ಬಂಡೆಯ ಮೈಯಲ್ಲಿ ರಂಧ್ರಾವಕಾಶ ಶೇಕಡಾ ಒಂದೆರಡಕ್ಕಿಂತ ಹೆಚ್ಚಿರುವುದು ಅಪರೂಪ. ಅಲ್ಲಿ ನೀರು ಇರುವುದು ಬಿರುಕುಗಳಲ್ಲಿ ಮಾತ್ರ. ಬೋರ್‌ವೆಲ್ಲು ಅಂಥ ಬಿರುಕನ್ನು ಮುಟ್ಟಿದರೆ ನೀರು, ಇಲ್ಲವಾದರೆ ಬರಿಯ ಧೂಳು. ಬಿರುಕು ಕೇವಲ ದಾರಿ. ಅದಕ್ಕೆ ನೀರು ಒದಗಿಸುವ ಉಗ್ರಾಣ ಮೇಲಿನ ಮಣ್ಣು, ಜಂಬಿಟ್ಟಿಗೆ ಮತ್ತು ಶೇಡಿಗಳೇ. ಮೇಲಿನ ಉಗ್ರಾಣ ತುಂಬದಿದ್ದರೆ ಎಷ್ಟು ಆಳ ಕೊರೆಸಿದರೂ ಪ್ರಯೋಜನ ಬಹುಕಾಲ ನಿಲ್ಲದು.

ಗದ್ದೆಗೆ ಬೇಡವಾದದ್ದು ತೋಟಕ್ಕೆ ಬೇಕು

ಈಗ ಗದ್ದೆಯಲ್ಲಿ ಸೊರಗಿದ ಅಡಿಕೆ ಸಸಿಯ ವಿಷಯಕ್ಕೆ ಬರೋಣ. ಬತ್ತದ ಗದ್ದೆಯಲ್ಲಿ ನೀರು ನಿಲ್ಲಬೇಕು. ಅದಕ್ಕಾಗಿಯೇ ನಮ್ಮ ಹಿರಿಯರು ನೀರು ಕಟ್ಟಿ, ಮತ್ತೆ ಮತ್ತೆ ಉತ್ತು, ಕೆಸರು ಮಾಡಿ ನಾಟಿ ಮಾಡುತ್ತ ಬಂದರು. ಹೀಗೆ ಕೆಸರು ಮಾಡುವುದೆಂದರೆ ಮಣ್ಣಿನ ಹೆಂಟೆಗಳನ್ನು ಒಡೆದು ದೊಡ್ಡ ರಂಧ್ರಗಳನ್ನು ನಾಶಪಡಿಸುವುದೇ ಆಗಿದೆ. ನುಣ್ಣನೆಯ ಕಣಗಳು ಸಂದುಗಳಲ್ಲಿ ಕೂರುತ್ತವೆ. ನೇಗಿಲಿನ ತುದಿ, ಎತ್ತಿನ ಕಾಲು, ಈಚೆಗೆ ಟಿಲ್ಲರು ಮತ್ತು ಟ್ರ್ಯಾಕ್ಟರಿನ ಭಾರದಿಂದ ೧೫ರಿಂದ ೨೫ ಸೆಂ.ಮೀ. ಆಳದಲ್ಲಿ ಒಂದು ಗಟ್ಟಿ ಪದರ ಏರ್ಪಡುತ್ತದೆ. ಬತ್ತಕ್ಕೆ ಇದು ಉಪಕಾರಿ. ನೀರು ಮತ್ತು ಗೊಬ್ಬರ ಕೆಳಗಿಳಿದು ಪೋಲಾಗುವುದಿಲ್ಲ. ಬತ್ತದ ಗಿಡಕ್ಕೆ ಎಲೆಯಿಂದ ಬೇರಿಗೆ ಗಾಳಿ ಸಾಗಿಸುವ ಒಳದಾರಿ ಇರುವುದರಿಂದ ನಿಂತ ನೀರಿನಲ್ಲಿಯೂ ಅದು ಬದುಕುತ್ತದೆ.

ಅಡಿಕೆ, ಮೆಣಸು, ಬಾಳೆ, ಶುಂಠಿಗಳ ಸ್ಥಿತಿ ಹಾಗಲ್ಲ. ಅವುಗಳ ಬೇರು ಮಣ್ಣಿನಲ್ಲಿರುವ ಗಾಳಿಯನ್ನೇ ಉಸಿರಾಡಬೇಕು. ಮಣ್ಣಿನ ಗಾತ್ರದಲ್ಲಿ ಕನಿಷ್ಠ ಶೇಕಡಾ ೧೦ರಷ್ಟಾದರೂ ಗಾಳಿ ತುಂಬಿದ ರಂಧ್ರಗಳು ಇಲ್ಲದಿದ್ದರೆ ಬಹುತೇಕ ಬೆಳೆಗಳ ಬೇರು ಉಸಿರುಕಟ್ಟುತ್ತದೆ. ರಂಧ್ರಗಳಲ್ಲಿ ನೀರು ತುಂಬಿದಾಗ ಆಮ್ಲಜನಕ ಒಳಸಾಗುವ ವೇಗ ಗಾಳಿಯಲ್ಲಿ ಇರುವುದರ ಹತ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬೇರು ಸೋತ ಮೇಲೆ ಅಡಿಕೆಗೆ ಅಣಬೆ ರೋಗ, ಮೆಣಸಿಗೆ ಸೊರಗು ರೋಗ, ಶುಂಠಿಗೆ ಗಡ್ಡೆ ಕೊಳೆ ಸುಲಭವಾಗಿ ತಗಲುತ್ತವೆ. ಅಡಿಕೆ ಹಳದಿಯಾಗುವುದಕ್ಕೆಲ್ಲ ಇದೊಂದೇ ಕಾರಣವಲ್ಲ. ಹಳದಿ ಎಲೆ ರೋಗ ಎಂಬುದು ಬೇರೆಯೇ ಇದೆ. ಆದರೆ ಹಳೆಯ ಗದ್ದೆಯಲ್ಲಿ ಎಳೆಯ ತೋಟ ಸೊರಗಿದರೆ ಮೊದಲು ನೋಡಬೇಕಾದದ್ದು ಬುಡದ ಕೆಳಗಿನ ಮಣ್ಣನ್ನು.

ಇಲ್ಲಿ ಒಂದು ದೊಡ್ಡ ತಪ್ಪು ಪದೇ ಪದೇ ನಡೆಯುತ್ತದೆ. ಶಿಫಾರಸಿನಂತೆ ೯೦ ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿಯನ್ನು ಗದ್ದೆಯ ಜಿಗುಟು ಮಣ್ಣಿನಲ್ಲಿ ತೆಗೆದು, ಒಳ್ಳೆಯ ಮಣ್ಣು ಗೊಬ್ಬರ ತುಂಬಿ ಸಸಿ ನೆಡುತ್ತಾರೆ. ಬಸಿಗಾಲುವೆಯನ್ನು ಮಾತ್ರ ಮುಂದಿನ ವರ್ಷ ನೋಡಿಕೊಳ್ಳೋಣವೆಂದು ಬಿಡುತ್ತಾರೆ. ಗುಂಡಿಯೊಳಗಿನ ಸಡಿಲ ಮಣ್ಣಿಗೆ ಸುತ್ತಲಿನ ನೀರೆಲ್ಲ ಬಂದು ಸೇರುತ್ತದೆ, ಆದರೆ ಹೊರಹೋಗಲು ದಾರಿಯಿಲ್ಲ. ಗುಂಡಿಯೇ ಬಾನಿಯಾಗಿ ಸಸಿ ಅದರೊಳಗೆ ನಾಲ್ಕು ತಿಂಗಳು ನಿಲ್ಲುತ್ತದೆ. ನೀರು ಬಸಿಯುವ ಜಂಬಿಟ್ಟಿಗೆ ನೆಲಕ್ಕೆ ಸರಿಯಾದ ಆಳ ಜಿಗುಟು ನೆಲಕ್ಕೆ ಸರಿಯಲ್ಲ.

ನಿಮ್ಮ ನೆಲವನ್ನು ನೀವೇ ಪರೀಕ್ಷಿಸಿರಿ

ಕೆಳದಿಯ ಶಿವಪ್ಪನಾಯಕನು ಹದಿನೇಳನೆಯ ಶತಮಾನದಲ್ಲಿ ತನ್ನ ರಾಜ್ಯದ ಭೂಮಿಯನ್ನು ಮಣ್ಣು ಮತ್ತು ನೀರಿನ ಗುಣ ನೋಡಿ ಐದು ತರಗತಿಗಳಾಗಿ ವಿಂಗಡಿಸಿ ಕಂದಾಯದ ಶಿಸ್ತನ್ನು ಗೊತ್ತುಪಡಿಸಿದನು. ಬಗೆಬಗೆಯ ಭೂಮಿಯನ್ನು ಹನ್ನೆರಡು ವರ್ಷ ಸ್ವತಃ ಸಾಗುವಳಿ ಮಾಡಿಸಿ ಲೆಕ್ಕವಿಟ್ಟನೆಂದು ಹೇಳುತ್ತಾರೆ. ನೆಲದ ಗುಣವನ್ನು ಊಹಿಸದೆ ಪರೀಕ್ಷಿಸಿ ತಿಳಿಯಬೇಕೆಂಬುದು ಆ ಪದ್ಧತಿಯ ಸಾರ. ಅಷ್ಟು ವರ್ಷ ಕಾಯದೆ ಈಗ ಒಂದೆರಡು ದಿನಗಳಲ್ಲಿಯೇ ಕೆಳಗಿನ ಪರೀಕ್ಷೆಗಳನ್ನು ಮಾಡಿಕೊಳ್ಳಬಹುದು.

೧. ಸರಳಿನ ಪರೀಕ್ಷೆ: ನೆಲ ಹಸಿಯಾಗಿರುವಾಗ ಬೆರಳು ಗಾತ್ರದ ಕಬ್ಬಿಣದ ಸರಳನ್ನು ಕೈಬಲದಿಂದ ಒತ್ತಬೇಕು. ಅರ್ಧ ಅಡಿಯಿಂದ ಒಂದು ಅಡಿಯೊಳಗೆ ತಡೆದು, ಆ ಪದರ ದಾಟಿದ ಮೇಲೆ ಮತ್ತೆ ಸುಲಭವಾಗಿ ಇಳಿದರೆ ಅಲ್ಲಿ ಗಟ್ಟಿ ಪದರವಿದೆ ಎಂದು ತಿಳಿಯಬೇಕು. ಹತ್ತು ಕಡೆ ಚುಚ್ಚಿ ನೋಡುವುದು ಒಳ್ಳೆಯದು.

೨. ಇಂಗುವ ಪರೀಕ್ಷೆ: ಒಂದು ಅಡಿ ಅಗಲ, ಎರಡು ಅಡಿ ಆಳದ ಗುಂಡಿ ತೋಡಿ ನೀರು ತುಂಬಬೇಕು. ಅದು ಇಂಗಿದ ಮೇಲೆ ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯುತ್ತದೆಂದು ಕೋಲಿನಿಂದ ಅಳೆಯಬೇಕು. ಗಂಟೆಗೆ ಒಂದು ಅಂಗುಲಕ್ಕಿಂತ ಕಡಿಮೆ ಇಳಿದರೆ ಬಸಿಗಾಲುವೆಯಿಲ್ಲದೆ ಅಲ್ಲಿ ತೋಟ ಮಾಡಬಾರದು. ಬೇಸಗೆಯಲ್ಲಿ ಬಿರುಕುಬಿಟ್ಟ ನೆಲದಲ್ಲಿ ಈ ಪರೀಕ್ಷೆ ಮೋಸಮಾಡುತ್ತದೆ; ಮಳೆಗಾಲದ ಕೊನೆಯಲ್ಲಿ ಮಾಡುವುದು ಸೂಕ್ತ.

೩. ತೂಕದ ಪರೀಕ್ಷೆ: ಕಲ್ಲುಹರಳು ಕಡಿಮೆಯಿರುವ ಜಾಗದಲ್ಲಿ ಗೇಣಿಗಿಂತ ಸಣ್ಣದೊಂದು ಗುಂಡಿಯನ್ನು ನಯವಾಗಿ ತೋಡಿ, ಬಂದ ಮಣ್ಣನ್ನು ಒಂದು ಹಿಡಿಯೂ ಬಿಡದೆ ತೆಗೆದಿಡಬೇಕು. ಗುಂಡಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಿ, ನೆಲದ ಮಟ್ಟಕ್ಕೆ ಬರುವವರೆಗೆ ಅಳತೆಯ ನೀರು ಸುರಿದರೆ ಗುಂಡಿಯ ಗಾತ್ರ ಸಿಗುತ್ತದೆ. ಮಣ್ಣನ್ನು ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಪೂರ್ತಿ ಒಣಗಿಸಿ ತೂಗಬೇಕು. ಉದಾಹರಣೆಗೆ, ಗಾತ್ರ ೨ ಲೀಟರು, ತೂಕ ೨.೬ ಕಿಲೋ ಎಂದಾದರೆ ಲೀಟರಿಗೆ ೧.೩ ಕಿಲೋ. ರಂಧ್ರವೇ ಇಲ್ಲದ ಮಣ್ಣಿನ ಕಣಗಳು ಲೀಟರಿಗೆ ಸುಮಾರು ೨.೬೫ ಕಿಲೋ ತೂಗುತ್ತವೆ. ೧.೩ನ್ನು ೨.೬೫ರಿಂದ ಭಾಗಿಸಿದರೆ ೦.೪೯. ಅಂದರೆ ನೂರರಲ್ಲಿ ೪೯ ಪಾಲು ಕಣ, ಉಳಿದ ೫೧ ಪಾಲು ರಂಧ್ರಾವಕಾಶ. ಲೀಟರಿಗೆ ೧.೬ ಕಿಲೋ ಬಂದರೆ ರಂಧ್ರಾವಕಾಶ ೪೦ಕ್ಕೆ ಇಳಿದಿದೆ ಎಂದರ್ಥ. ಜಿಗುಟು ಮಣ್ಣಿನಲ್ಲಿ ಈ ತೂಕ ೧.೫ ಕಿಲೋ ದಾಟಿದರೆ ಬೇರು ಹಾಯುವುದು ಕಷ್ಟವಾಗುತ್ತದೆ. ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚಿರುವುದರಿಂದ ಲೆಕ್ಕ ಸ್ವಲ್ಪ ವ್ಯತ್ಯಾಸವಾಗಬಹುದಾದರೂ ಎರಡು ಜಾಗಗಳನ್ನು ಹೋಲಿಸಲು ಇದು ಸಾಕು.

ಸರಿಪಡಿಸುವ ಕ್ರಮಗಳು

೧. ಗದ್ದೆಯನ್ನು ತೋಟ ಮಾಡುವುದಾದರೆ ಸಸಿಗಿಂತ ಮೊದಲು ಬಸಿಗಾಲುವೆ ತೆಗೆಯಬೇಕು. ಜಿಗುಟು ಮಣ್ಣಿನಲ್ಲಿ ಎರಡು ಸಾಲಿಗೆ ಒಂದರಂತೆ ೭೫ರಿಂದ ೧೦೦ ಸೆಂ.ಮೀ. ಆಳದ ಕಾಲುವೆ ಬೇಕು. ಕಾಲುವೆಯ ತಳ ಗಟ್ಟಿ ಪದರಕ್ಕಿಂತಲೂ ನೆಟ್ಟ ಗುಂಡಿಯ ತಳಕ್ಕಿಂತಲೂ ಕೆಳಗಿರಬೇಕು. ಕೊನೆ ಅದಕ್ಕಿಂತ ತಗ್ಗಿನಲ್ಲಿರಬೇಕು. ಹಳೆಯ ತೋಟಗಳಲ್ಲಿ ಹಿರಿಯರು ಆಳವಾದ ಕಾಲುವೆಗಳನ್ನು ತೆಗೆದು, ವರ್ಷವರ್ಷವೂ ಸವರಿ, ಆ ಮಣ್ಣನ್ನು ಬುಡಕ್ಕೆ ಏರಿಸುತ್ತಿದ್ದುದರ ಅರ್ಥ ಇದೇ.

೨. ನೀರು ಬಸಿಯದ ಕಡೆ ಗುಂಡಿಯ ಆಳವನ್ನು ೬೦ ಸೆಂ.ಮೀ.ಗೆ ಇಳಿಸಿ, ಬುಡವನ್ನು ಏರಿಸಿ ನೆಡಬೇಕು.

೩. ಗಟ್ಟಿ ಪದರವನ್ನು ಬೇಸಗೆಯಲ್ಲಿ, ಮಣ್ಣು ಒಣಗಿರುವಾಗ ಒಡೆಯಬೇಕು. ಹಸಿಯಿದ್ದಾಗ ಯಂತ್ರ ಇಳಿಸಿದರೆ ಪದರ ಒಡೆಯುವ ಬದಲು ಇನ್ನಷ್ಟು ಬಿಗಿಯಾಗುತ್ತದೆ.

೪. ಜಿಗುಟು ಮಣ್ಣನ್ನು ಸಡಿಲಗೊಳಿಸಲು ಒಂದೆರಡು ಗಾಡಿ ಮರಳು ಬೆರೆಸುವುದು ಪ್ರಯೋಜನಕಾರ‍ಿಯಲ್ಲ. ಅಡಿಕೆಯ ಸಂದಿನಲ್ಲಿ ಮೆಣಸು ಕುಳಿತ ಹಾಗೆ ಮರಳಿನ ಸಂದಿನಲ್ಲಿ ಜಿಗುಟು ಕುಳಿತು ರಂಧ್ರಾವಕಾಶ ಮತ್ತಷ್ಟು ಕುಗ್ಗುತ್ತದೆ. ಇದಕ್ಕೆ ಸರಿಯಾದ ವಸ್ತು ಸಾವಯವ ಗೊಬ್ಬರ. ಅದು ಕಣಗಳನ್ನು ಅಂಟಿಸಿ ಹರಳುಹರಳಾಗಿ ಮಾಡುತ್ತದೆ. ಹರಳುಗಳ ನಡುವೆ ದೊಡ್ಡ ರಂಧ್ರ, ಹರಳಿನೊಳಗೆ ಸಣ್ಣ ರಂಧ್ರ, ಹೀಗೆ ಬಸಿಗಾಲುವೆ ಮತ್ತು ಕಣಜ ಎರಡೂ ದೊರೆಯುತ್ತವೆ. ಮರವೊಂದಕ್ಕೆ ವರ್ಷಕ್ಕೆ ೧೨ ಕಿಲೋ ಹಸುರು ಸೊಪ್ಪು ಮತ್ತು ೧೨ ಕಿಲೋ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟು ಕೊಡಬೇಕೆಂಬ ಶಿಫಾರಸಿನ ಉದ್ದೇಶ ಪೋಷಕಾಂಶ ಮಾತ್ರವಲ್ಲ, ಇದೂ ಹೌದು.

೫. ತೋಟ ಮಾಡುವ ಮೊದಲಿನ ವರ್ಷ ಸೆಣಬು ಅಥವಾ ಡಯಂಚ ಬೆಳೆದು ಮಣ್ಣಿಗೆ ಸೇರಿಸಿದರೆ ಅವುಗಳ ಬೇರು ಕೊಳೆತು ಒಳದಾರಿಗಳಾಗುತ್ತವೆ. ನೆಲವನ್ನು ಬರಿದಾಗಿ ಬಿಡದೆ ಮುಚ್ಚಿಗೆ ಹಾಸಿದರೆ ಎರೆಹುಳು ಉಳಿದ ಕೆಲಸವನ್ನು ಕೂಲಿಯಿಲ್ಲದೆ ಮಾಡುತ್ತದೆ.

ಸೊಪ್ಪಿನ ಬೆಟ್ಟವೇ ತೋಟದ ಬಾವಿ

ತೋಟದ ಮಣ್ಣಿಗೆ ಇಷ್ಟು ಸೊಪ್ಪು ಎಲ್ಲಿಂದ ಬರಬೇಕು? ಮೇಲಿನ ಸೊಪ್ಪಿನ ಬೆಟ್ಟದಿಂದ. ಇಲ್ಲಿಯೇ ಎಚ್ಚರಿಕೆ ಬೇಕು. ಬೆಟ್ಟದ ನೆಲದಲ್ಲಿ ತರಗೆಲೆ ಹಾಸಿದ್ದಾಗ ಮಳೆಹನಿ ಮಣ್ಣಿಗೆ ನೇರವಾಗಿ ಬಡಿಯುವುದಿಲ್ಲ. ಒಂದು ಎಲೆಯನ್ನೂ ಬಿಡದೆ ಗುಡಿಸಿದರೆ ಅಥವಾ ಬೆಂಕಿ ಬಿದ್ದರೆ, ಮೊದಲ ಮಳೆಯ ಹನಿಗಳು ಮಣ್ಣನ್ನು ಸಿಡಿಸಿ ನುಣ್ಣನೆಯ ಕಣಗಳಿಂದ ರಂಧ್ರಗಳ ಬಾಯಿಯನ್ನು ಮುಚ್ಚುತ್ತವೆ. ದನಕರುಗಳ ತುಳಿತ ಅದನ್ನು ಬಿಗಿಗೊಳಿಸುತ್ತದೆ. ಅನಂತರ ಬಿದ್ದ ಮಳೆ ಇಂಗದೆ ಕೆಂಪಾಗಿ ಹಳ್ಳಕ್ಕೆ ಓಡುತ್ತದೆ. ಪಶ್ಚಿಮ ಘಟ್ಟದಲ್ಲಿ ನಡೆದು ೨೦೧೦ರಲ್ಲಿ ಪ್ರಕಟವಾದ ಅಳತೆಗಳಲ್ಲಿಯೂ ಹಾಳಾದ ಕಾಡಿನ ಮಣ್ಣು ಒಳ್ಳೆಯ ಕಾಡಿನ ಮಣ್ಣಿಗಿಂತ ನಿಧಾನವಾಗಿ ನೀರು ಇಂಗಿಸುತ್ತದೆಂದು ಕಂಡುಬಂದಿದೆ.

ಮಾರ್ಚಿ ತಿಂಗಳಲ್ಲಿ ತೋಟದ ತಲೆಯ ಒರತೆಯಲ್ಲಿ ಬರುವ ನೀರು ಹಿಂದಿನ ಮಳೆಗಾಲದಲ್ಲಿ ಬೆಟ್ಟದ ರಂಧ್ರಗಳ ಮೂಲಕ ಇಳಿದು ಶೇಡಿಯಲ್ಲಿ ತಂಗಿದ್ದ ನೀರು. ಬೆಟ್ಟದ ರಂಧ್ರ ಮುಚ್ಚಿದರೆ ಒರತೆ ಬತ್ತುತ್ತದೆ. ಆದುದರಿಂದ ಬೆಟ್ಟವನ್ನು ಭಾಗಗಳಾಗಿ ಮಾಡಿಕೊಂಡು, ವರ್ಷಕ್ಕೆ ಒಂದು ಭಾಗದಲ್ಲಿ ಮಾತ್ರ ತರಗೆಲೆ ಗುಡಿಸಿ, ಉಳಿದದ್ದನ್ನು ಹಾಗೆಯೇ ಬಿಡುವ ಪದ್ಧತಿ ಒಳ್ಳೆಯದು.

ಇಳಿಜಾರಿನಲ್ಲಿ ಎಚ್ಚರಿಕೆ

ನೀರು ಇಂಗಿಸುವುದು ಒಳ್ಳೆಯದೆಂದು ಎಲ್ಲೆಂದರಲ್ಲಿ ಇಂಗುಗುಂಡಿ ತೋಡುವುದು ಅಪಾಯಕಾರಿ. ಕಡಿದಾದ ಇಳಿಜಾರಿನಲ್ಲಿ, ಗಟ್ಟಿ ಬಂಡೆಯ ಮೇಲೆ ದಪ್ಪವಾದ ಶೇಡಿ ಮಣ್ಣಿದ್ದಾಗ, ದಿನಗಟ್ಟಲೆ ಸುರಿದ ಮಳೆಯಿಂದ ರಂಧ್ರಗಳೆಲ್ಲ ತುಂಬಿಬಿಡುತ್ತವೆ. ಹೊರಹೋಗಲಾರದ ನೀರು ಕಣಗಳನ್ನು ಒಂದರಿಂದ ಒಂದು ದೂರಕ್ಕೆ ಒತ್ತುತ್ತದೆ. ಕಣಗಳ ಹಿಡಿತ ತಪ್ಪುತ್ತದೆ. ಗುಡ್ಡದ ಮಗ್ಗುಲೇ ಜಾರುತ್ತದೆ. ೨೦೧೮ರ ಆಗಸ್ಟಿನಲ್ಲಿ ಕೊಡಗಿನಲ್ಲಿ, ೨೦೧೯ರ ಆಗಸ್ಟಿನಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಹೆಗಲತ್ತಿಯಲ್ಲಿ ಗುಡ್ಡ ಕುಸಿದುದನ್ನು ಕಂಡಿದ್ದೇವೆ. ಹೆಗಲತ್ತಿಯಲ್ಲಿ ತೋಟ, ಗದ್ದೆಗಳ ಮೇಲೆ ಮಣ್ಣು ಹರಿದು ಬೇಸಾಯಗಾರರು ನಷ್ಟಕ್ಕೊಳಗಾದರು.

ಆದ್ದರಿಂದ ಇಂಗುಗುಂಡಿಗಳನ್ನು ಇಳಿಜಾರು ಕಡಿಮೆಯಿರುವ ಕಡೆ, ಆಳ ಕಡಿಮೆ ಮಾಡಿ, ಸಮಪಾತಳಿಯ ಗೆರೆಯಲ್ಲಿ ಮಾತ್ರ ತೆಗೆಯಬೇಕು. ಕೆಳಗೆ ಮನೆ, ಕೊಟ್ಟಿಗೆ, ತೋಟವಿರುವ ಕಡಿದಾದ ಗುಡ್ಡದಲ್ಲಿ ಯಂತ್ರದಿಂದ ಉದ್ದನೆಯ ಕಂದಕ ತೋಡಿಸಬಾರದು. ಗುಡ್ಡದ ಬುಡವನ್ನು ಕಡಿದು ಸಮತಟ್ಟು ಮಾಡಬಾರದು. ಅಲ್ಲಿ ಮರಗಿಡ, ಹುಲ್ಲು, ತರಗೆಲೆಗಳ ಹೊದಿಕೆಯೇ ಸಾಕು. ಇಳಿಜಾರಿನಲ್ಲಿ ಹೊಸ ಬಿರುಕು, ವಾಲಿದ ಮರ, ಒಮ್ಮೆಲೇ ಕದಡಿದ ಒರತೆ, ಇಲ್ಲದ ಕಡೆ ಎದ್ದ ಹೊಸ ಜಲ ಕಂಡರೆ ತಡಮಾಡದೆ ಮನೆಯವರನ್ನೂ ದನಕರುಗಳನ್ನೂ ಬೇರೆಡೆಗೆ ಸಾಗಿಸಿ, ಗ್ರಾಮ ಪಂಚಾಯಿತಿಗೆ ಮತ್ತು ತಾಲ್ಲೂಕು ಕಚೇರಿಗೆ ತಿಳಿಸಬೇಕು.

ಕೊನೆಯ ಮಾತು

ಜಮೀನನ್ನು ಅಳೆಯುವಾಗ ನಾವು ಎಕರೆ, ಗುಂಟೆಗಳನ್ನು ಲೆಕ್ಕ ಹಾಕುತ್ತೇವೆ. ಮಣ್ಣಿನ ಬಣ್ಣ, ಸಾರಗಳನ್ನು ನೋಡುತ್ತೇವೆ. ಅದರೊಳಗಿನ ಖಾಲಿ ಜಾಗವನ್ನು ನೋಡುವುದಿಲ್ಲ. ಬೆಳೆ ಕುಡಿಯುವ ನೀರು ಇರುವುದೂ, ಬೇರು ಉಸಿರಾಡುವ ಗಾಳಿ ಇರುವುದೂ ಆ ಜಾಗದಲ್ಲಿಯೇ. ಅದನ್ನು ಗದ್ದೆಯಲ್ಲಿ ಬೇಕೆಂದೇ ಮುಚ್ಚುತ್ತೇವೆ, ತೋಟದಲ್ಲಿ ತೆರೆಯಬೇಕಾಗಿದೆ, ಬೆಟ್ಟದಲ್ಲಿ ಕಾಪಾಡಬೇಕಾಗಿದೆ, ಕಡಿದಾದ ಗುಡ್ಡದಲ್ಲಿ ಅತಿಯಾಗಿ ತುಂಬದಂತೆ ನೋಡಿಕೊಳ್ಳಬೇಕಾಗಿದೆ. ಈ ವರ್ಷ ಗದ್ದೆಗೆ ಅಡಿಕೆ ಸಸಿ ತರಬೇಕೆಂದಿರುವ ರೈತ ಬಾಂಧವರು ಸಸಿಗೆ ಮುಂಗಡ ಕೊಡುವ ಮೊದಲು ಒಂದು ಕಬ್ಬಿಣದ ಸರಳು ಮತ್ತು ಸಾಕಷ್ಟು ನೀರಿನೊಂದಿಗೆ ಗದ್ದೆಗೆ ಒಮ್ಮೆ ಹೋಗಿ ಬರಲಿ.